ಎತ್ತಿನ ಮಂಡಿಚಿಪ್ಪೂ ಬರೆಯ ಕಬ್ಬಿಣವೂ

ಬಿಳಿಕೆರೆಯ ಸುತ್ತಮುತ್ತಲಿನ ಹೊಗೆಸೊಪ್ಪಿನ ಸೀಮೆಯಲ್ಲಿ ಉಳುಮೆಗೆ ಟ್ರಾಕ್ಟರುಗಳು ಬಂದಿದ್ದರೂ, ಸಾಲುಗಳ ನಡುವೆ ಕುಂಟೆ ಹೊಡೆಯುವುದಕ್ಕೆ ಎತ್ತುಗಳ ಅವಶ್ಯಕತೆಯು ತಪ್ಪಿಲ್ಲ. ಹೀಗಿರುವಲ್ಲಿ ಒಳ್ಳೆಯ ಎತ್ತೊಂದು ಹಿಂಗಾಲನ್ನೆಳೆಯತೊಡಗಿದರೆ ರೈತನಿಗಾಗುವ ನಷ್ಟವನ್ನು ವಿವರಿಸಬೇಕಾದುದಿಲ್ಲ. ಇಂತಹ ಕುಂಟಿಗೆ ಕಾರಣಗಳು ಅನೇಕ. ಮಂಡಿಚಿಪ್ಪು ಸಿಕ್ಕಿಕೊಳ್ಳುವುದು ಅವುಗಳಲ್ಲೊಂದು. ಇದಕ್ಕೆ ಬರೆ ಹಾಕುವ ಪದ್ಧತಿಯು ಸಂಪೂರ್ಣವಾಗಿ ನಿಲ್ಲತಕ್ಕುದೆಂಬುದೇ ನನ್ನ ಅಭಿಪ್ರಾಯ.

ಮಂಡಿಯ ಚಿಪ್ಪು ತೊಡೆಯೆಲುಬಿನ ತುದಿಯಲ್ಲಿರುವ ತಗ್ಗಿನಲ್ಲಿ ಮೇಲಕ್ಕೂ ಕೆಳಕ್ಕೂ ಜಾರುತ್ತಿರುವುದು. ದನಗಳಲ್ಲಿ ಇದನ್ನು ಕೆಳಗಿನ ಎಲುಬಿಗೆ ಮೂರು ಕಟ್ಟುಗಳು ಬಿಗಿದಿರುವುವು. ಒಳಮಗ್ಗುಲಿನ ಕಟ್ಟು ತೊಡೆಯೆಲುಬಿನ ಒಳದಿಣ್ಣೆಯ ಮೇಲೆ ಕೊಂಡಿಯಂತೆ ಸಿಕ್ಕಿಕೊಂಡರೆ, ಮಂಡಿಯನ್ನು ಮಡಿಸಲಾಗದೆ ಕಾಲು ಹಿಂದಕ್ಕೆ ಸೆಟೆದು ನಿಲ್ಲುವುದು. ಗೊರಸಿನ ತುದಿ ನೆಲಕ್ಕೆ ಉಜ್ಜಿ ಸವೆಯುವುದು. ಕೆಲವು ಹೆಜ್ಜೆಗಳಾದ ಮೇಲೆ ಕಟ್ಟು ತಟಕ್ಕನೆ ಬಿಟ್ಟುಕೊಂಡು ಕಾಲು ಎಳೆದಂತೆ ಮುಂದಕ್ಕೆ ಬರುವುದು. ಎತ್ತು ಮಲಗಿ ಎದ್ದಾಗಿನ ಮೊದಲ ಹೆಜ್ಜೆಗಳಲ್ಲಿಯೇ ಈ ಗುರುತು ಹೆಚ್ಚಾಗಿ ಕಾಣುವುದು.

ಬರೆ ಹಾಕಿದ ಮೇಲೆ ಗುಣವಾಯಿತೆನ್ನುವವರುಂಟು. ಈ ಖಾಯಿಲೆಯು ಮೊದಮೊದಲು ಬಿಟ್ಟುಬಿಟ್ಟು ಬರತಕ್ಕುದು. ಕಟ್ಟು ತಾನಾಗಿ ಬಿಟ್ಟುಕೊಂಡ ದಿನದ ಕೀರ್ತಿಯು ಬರೆಗೆ ಸಲ್ಲುವುದೇ ಹೊರತು, ಚರ್ಮವನ್ನು ಸುಟ್ಟ ಕಬ್ಬಿಣವು ಒಳಗಿನ ಕೊಂಡಿಯನ್ನು ಬಿಡಿಸಲಾರದು. ಸುಟ್ಟ ಹುಣ್ಣಿಗೆ ನೊಣ ಕುಳಿತು ಹುಳು ಬೀಳುವ ಭಯವೂ ಉಂಟು. ಇಷ್ಟರಲ್ಲಿ ಕಾಲ ಕಳೆದು, ಕೀಲಿನಲ್ಲಿ ಎಲುಬುಗಳ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿಯು ಸವೆಯಬಹುದು. ಅದರಲ್ಲಿ ರಕ್ತನಾಳಗಳಿಲ್ಲವಾದುದರಿಂದ ಸವೆದುದು ಮೊದಲಿನಂತೆ ಬೆಳೆಯಲಾರದು.

ಸರಿಯಾದ ಚಿಕಿತ್ಸೆಯು ಬಹು ಸುಲಭವಾದುದು. ಪಶುವೈದ್ಯರು ಆ ಜಾಗಕ್ಕೆ ಮಾತ್ರ ನೋವು ತಿಳಿಯದಂತೆ ಮದ್ದನ್ನು ಚುಚ್ಚಿ, ಒಳಮಗ್ಗುಲಿನ ಕಟ್ಟನ್ನು ಕತ್ತರಿಸುವರು. ಗಾಯ ಸಣ್ಣದು, ಸಾಮಾನ್ಯವಾಗಿ ಎತ್ತು ಕೂಡಲೇ ಸರಿಯಾಗಿ ಹೆಜ್ಜೆಯಿಡುವುದು. ಗಾಯ ಮಾಯುವವರೆಗೆ ನೊಗ ಹೂಡಬಾರದು. ಬೇರೆ ಕಾರಣದ ಕುಂಟಿಗೆ ಈ ಶಸ್ತ್ರಕ್ರಿಯೆಯು ಸಲ್ಲದು. ಆದುದರಿಂದ ಮೊದಲು ವೈದ್ಯರ ಪರೀಕ್ಷೆ ಆಗತಕ್ಕುದು. ಎತ್ತನ್ನು ಆಸ್ಪತ್ರೆಯವರೆಗೆ ನಡೆಸಲಾಗದವರು 1962 ನಂಬರಿಗೆ ಟೆಲಿಫೋನು ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು.

ಪಟ್ಟಣದ ಮನೆಗಳಲ್ಲಿ ಸಾಕುವ ಪೊಮೆರೇನಿಯನ್ ಮೊದಲಾದ ಸಣ್ಣ ನಾಯಿಗಳಿಗೂ ಮಂಡಿಚಿಪ್ಪಿನ ತೊಂದರೆಯುಂಟು. ಅವುಗಳಲ್ಲಿ ಚಿಪ್ಪು ಮೇಲೆ ಸಿಕ್ಕಿಕೊಳ್ಳದೆ, ತಗ್ಗಿನಿಂದ ಹೆಚ್ಚಾಗಿ ಒಳಮಗ್ಗುಲಿಗೆ ಜಾರುವುದು. ನಾಯಿಯು ನಾಲ್ಕಾರು ಹೆಜ್ಜೆ ಮೂರು ಕಾಲಿನಲ್ಲಿ ಕುಪ್ಪಳಿಸಿ ಪುನಃ ಓಡುವುದರಿಂದ ಯಜಮಾನರು ಅಲಕ್ಷ್ಯ ಮಾಡುವರು. ಅಷ್ಟರಲ್ಲಿ ಮೃದ್ವಸ್ಥಿಯು ಸವೆದಿರುವುದು. ಈ ದೋಷವು ವಂಶದಲ್ಲಿ ಇಳಿದು ಬರತಕ್ಕುದಾದುದರಿಂದ ಅಂತಹ ನಾಯಿಗಳಿಂದ ಮರಿ ತೆಗೆಯಬಾರದು. ಬೀಜದ ಹೋರಿಯನ್ನು ಆರಿಸುವಾಗಲೂ ನಡಿಗೆಯನ್ನು ನೋಡುವುದು ಮೇಲು.

ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಕೊಂಬು, ಸುಳಿ, ಹಲ್ಲುಗಳನ್ನು ನೋಡುವಷ್ಟೇ ಶ್ರದ್ಧೆಯಿಂದ, ಮಲಗಿರುವ ಎತ್ತನ್ನು ಎಬ್ಬಿಸಿ ಹತ್ತು ಹೆಜ್ಜೆ ನಡೆಸಿ ನೋಡಬೇಕು. ಮಂಡಿಯ ಮೇಲಿನ ಹಳೆಯ ಬರೆಯ ಗುರುತು ಅಲಂಕಾರವಲ್ಲ, ಎಚ್ಚರಿಕೆಯ ಮಾತು. ವರ್ಷವೆಲ್ಲ ನಮಗಾಗಿ ನೊಗ ಹೊರುವ ಪ್ರಾಣಿಗೆ ನಾವು ಕೊಡಬೇಕಾದುದು ಕಾದ ಕಬ್ಬಿಣವಲ್ಲ, ಸಕಾಲದ ಚಿಕಿತ್ಸೆ. ರೈತಬಾಂಧವರು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುತ್ತೇನೆ.