ಮಂದರ ಪಟ್ಟಿಯೂ ವಿವಿಕ್ತ ಗಣಿತದ ಕಾರ್ಯಾಗಾರವೂ

ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಮೊದಲ ಇಂಟರ್ನಲ್ಸಿನ ಅಂಕಗಳು ಹೊರಬಿದ್ದ ಕೆಲವೇ ದಿನಗಳಲ್ಲಿ ಒಂದು ಪಟ್ಟಿ ಸಿದ್ಧವಾಗುವುದು ನಮ್ಮ ತಾಂತ್ರಿಕ ಕಾಲೇಜುಗಳಲ್ಲಿ ಬಹುಮಟ್ಟಿಗೆ ರೂಢಿಯಾಗಿದೆ. ಆ ಪಟ್ಟಿಯಲ್ಲಿ ಹೆಸರಿರುವವರು ಸಂಜೆ ಒಂದು ಕೊಠಡಿಯಲ್ಲಿ ಕೂಡಿ, ಬೆಳಗ್ಗೆ ಕೇಳಿ ಅರ್ಥವಾಗದಿದ್ದ ಪಾಠವನ್ನೇ ಮತ್ತೊಮ್ಮೆ ಕೇಳಿ, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಕೆಂಗೇರಿಯಿಂದ ವಿಜಯನಗರಕ್ಕೋ ಬಸವೇಶ್ವರನಗರಕ್ಕೋ ಮರಳುತ್ತಾರೆ. ರಿಮೀಡಿಯಲ್ ಕ್ಲಾಸೆಂದು ಇದಕ್ಕೆ ಹೆಸರು. ನಿಧಾನವಾಗಿ ಕಲಿಯುವವರಿಗಾಗಿ ಏನು ಮಾಡಿದಿರೆಂಬ ಪ್ರಶ್ನೆಯು ನ್ಯಾಕ್ ಮೌಲ್ಯಮಾಪನದಲ್ಲಿ ಇರುತ್ತ ಬಂದುದರಿಂದ, ಆ ಸಹಿಗಳ ಪುಸ್ತಕಕ್ಕೆ ಅಲ್ಲಿ ಕಲಿಸಿದ ಗಣಿತಕ್ಕಿಂತಲೂ ದೀರ್ಘವಾದ ಆಯುಷ್ಯ ಪ್ರಾಪ್ತವಾಗಿದೆ. ವಿದ್ಯಾರ್ಥಿಗಳ ಬಾಯಲ್ಲಿ ಡಿ.ಎಂ.ಎಸ್. ಎಂದೇ ಪ್ರಚಲಿತವಾಗಿರುವ ವಿವಿಕ್ತ ಗಣಿತದ ಮಟ್ಟಿಗಂತೂ ಇಂಥ ಪಟ್ಟಿಯು ಅನ್ಯಾಯವೆಂದೂ, ನೆರವಿನ ಕಾರ್ಯಾಗಾರವು ಬೇರೊಂದು ತಳಹದಿಯ ಮೇಲೆ ನಡೆಯತಕ್ಕದ್ದೆಂದೂ ನನ್ನ ಅಭಿಪ್ರಾಯ.

ಅನ್ಯಾಯವೆಂದುದಕ್ಕೆ ಕಾರಣವುಂಟು. ಒಂದು ಕಾಲದಲ್ಲಿ ನಮ್ಮ ರಾಜ್ಯದ ಹತ್ತನೆಯ ತರಗತಿಯ ಗಣಿತದಲ್ಲಿ ಜಾಲಾಕೃತಿಗಳ ಪಾಠವಿತ್ತು. ದ್ವಿತೀಯ ಪಿಯುಸಿಯಲ್ಲಿ ಸಂಖ್ಯಾಸಿದ್ಧಾಂತದ ಮೂಲತತ್ತ್ವಗಳೂ ಗ್ರೂಪುಗಳ ಪರಿಚಯವೂ ಇದ್ದವು. ಎನ್.ಸಿ.ಇ.ಆರ್.ಟಿ. ಪಠ್ಯಗಳನ್ನು ಅಂಗೀಕರಿಸಿದ ಮೇಲೆ ಅವು ಮರೆಯಾದವು. ಆ ಪಠ್ಯಗಳಲ್ಲಿಯಾದರೂ ಹನ್ನೊಂದನೆಯ ತರಗತಿಗೆ ಗಣಿತೀಯ ಅನುಗಮನ ತತ್ತ್ವ, ಗಣಿತೀಯ ತರ್ಕ ಎಂಬ ಎರಡು ಅಧ್ಯಾಯಗಳು ಉಳಿದಿದ್ದುವಷ್ಟೆ. 2022ರಲ್ಲಿ, ಕೋವಿಡ್ ಕಾಲದ ಹೊರೆಯನ್ನು ಇಳಿಸುವ ನೆವದಲ್ಲಿ, ಅವನ್ನೂ ಕೈಬಿಡಲಾಯಿತು. ಹೀಗೆ ತರ್ಕವನ್ನೂ ಅನುಗಮನವನ್ನೂ ಕಣ್ಣಿನಿಂದ ಕಾಣದೆಯೇ ಎಂಜಿನಿಯರಿಂಗಿಗೆ ಬಂದ ಹುಡುಗನ ಮುಂದೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಡಿ.ಎಂ.ಎಸ್. ಪಠ್ಯದ ಮೊದಲ ಎರಡು ಘಟಕಗಳಾಗಿ ಇಡುವುದು ಏನನ್ನು? ತರ್ಕಶಾಸ್ತ್ರದ ಮೂಲತತ್ತ್ವಗಳನ್ನು, ಅನಂತರ ಅನುಗಮನವನ್ನು! ಮೆಟ್ಟಿಲನ್ನು ಕಿತ್ತವರು ನಾವು, ಎಡವಿದವನನ್ನು ಮಂದನೆಂದು ಬರೆದುಕೊಳ್ಳುವವರೂ ನಾವೇ.

ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರುವವರ ಸ್ಥಿತಿ ಇನ್ನೂ ಕಷ್ಟದ್ದು. 2018ರ ಪಠ್ಯಕ್ರಮದಲ್ಲಿ ಈ ವಿಷಯವು ಅದೇ ಸೆಮಿಸ್ಟರಿನಲ್ಲಿತ್ತು. ಅವರಿಗೆಂದು ವಿಶ್ವವಿದ್ಯಾಲಯವು ಏರ್ಪಡಿಸಿದ ಸೇತುಬಂಧದ ಗಣಿತವಾದರೋ ಬಹುತೇಕ ಕಲನಶಾಸ್ತ್ರದ್ದು. 2022ರ ಪಠ್ಯಕ್ರಮದಲ್ಲಿ ಡಿ.ಎಂ.ಎಸ್. ನಾಲ್ಕನೆಯ ಸೆಮಿಸ್ಟರಿಗೆ ಸರಿದು ಐಚ್ಛಿಕಗಳಲ್ಲಿ ಒಂದಾಗಿದೆ. ಇದರಿಂದ ಭಯವು ಕಡಿಮೆಯಾದೀತು. ಆದರೆ ಅಲ್ಗಾರಿದಮ್ಮುಗಳನ್ನೂ ದತ್ತಸಂಚಯಗಳನ್ನೂ ಓದಬೇಕಾದವನಿಗೆ ಸಂಬಂಧ, ಉತ್ಪನ್ನ, ಜಾಲಾಕೃತಿಗಳ ಜ್ಞಾನವು ಐಚ್ಛಿಕವಾಗಲಾರದು.

ಈ ವಿಷಯದ ತೊಡಕು ಲೆಕ್ಕದ ತೊಡಕಲ್ಲ. ಸೂತ್ರವನ್ನು ನೆನಪಿಟ್ಟು, ಬೆಲೆಗಳನ್ನು ಆದೇಶಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಅಭ್ಯಾಸದಲ್ಲಿ ಹನ್ನೆರಡು ವರ್ಷ ಪಳಗಿದ ಕೈಗೆ, ‘ಸಾಧಿಸಿರಿ’ ಎಂಬ ಆಜ್ಞೆಯ ಮುಂದೆ ಎಲ್ಲಿಂದ ಪ್ರಾರಂಭಿಸಬೇಕೆಂಬುದೇ ತೋಚುವುದಿಲ್ಲ. ಆಗ ಒದಗಿಬರುವುದು ಪಾಸಿಂಗ್ ಪ್ಯಾಕೇಜ್: ಹಿಂದಿನ ಪ್ರಶ್ನೆಪತ್ರಿಕೆಗಳಿಂದ ಹೆಕ್ಕಿದ ಹತ್ತಾರು ಸಾಧನೆಗಳನ್ನು ಪದ್ಯದಂತೆ ಕಂಠಪಾಠ ಮಾಡಿಸುವ ವ್ಯವಸ್ಥೆ. ಬ್ಯಾಕ್‌ಲಾಗ್ ತಪ್ಪಿಸುವಲ್ಲಿ ಅದು ನಿಷ್ಪ್ರಯೋಜಕವೆಂದು ಹೇಳಲಾರೆ; ಆದರೆ ಅದನ್ನು ಕಾರ್ಯಾಗಾರವೆಂದು ಕರೆಯಲು ನನಗೆ ಮನಸ್ಸೊಪ್ಪದು.

ಹಾಗಾದರೆ ಕಾರ್ಯಾಗಾರದಲ್ಲಿ ನಡೆಯಬೇಕಾದುದೇನು? ಪಶ್ಚಿಮ ಬೆಂಗಳೂರಿನ ವಿದ್ಯಾರ್ಥಿಯು ದಿನವೂ ಸಂಚರಿಸುವ ಮೆಟ್ರೋ ನಕಾಶೆಯನ್ನೇ ಮೇಜಿನ ಮೇಲೆ ಹರಡಬಹುದು. ನೇರಳೆ, ಹಸಿರು ಮಾರ್ಗಗಳೆರಡನ್ನೇ ತೆಗೆದುಕೊಂಡು, ನಿಲ್ದಾಣಗಳನ್ನು ಶೃಂಗಗಳೆಂದೂ ನಡುವಣ ಹಳಿಗಳನ್ನು ಅಂಚುಗಳೆಂದೂ ಭಾವಿಸಿದರೆ, ಅವೆರಡೂ ಕೂಡುವುದು ಮೆಜೆಸ್ಟಿಕ್ಕಿನಲ್ಲಿ ಮಾತ್ರ. ರಾಜಾಜಿನಗರದಲ್ಲಿ ಹತ್ತಿದವನು ಕೆಂಗೇರಿಗೆ ಹೋಗಬೇಕಾದರೆ ಶ್ರೀರಾಂಪುರ, ಸಂಪಿಗೆ ರಸ್ತೆಗಳನ್ನು ಹಾದು ಮೆಜೆಸ್ಟಿಕ್ಕಿಗೆ ಪೂರ್ವಾಭಿಮುಖವಾಗಿ ಹೋಗಿ, ಮಾಗಡಿ ರಸ್ತೆ, ವಿಜಯನಗರಗಳ ಮೂಲಕ ಪಶ್ಚಿಮಕ್ಕೆ ಹಿಂದಿರುಗಲೇಬೇಕು, ಬೇರೆ ಪಥವಿಲ್ಲ. ಯಾವ ಎರಡು ಶೃಂಗಗಳ ನಡುವೆಯೂ ಒಂದೇ ಪಥವಿರುವ ಇಂಥ ಆಕೃತಿಯನ್ನು ವೃಕ್ಷವೆನ್ನುತ್ತಾರೆ; ಅದರಲ್ಲಿ ಅಂಚುಗಳು ಶೃಂಗಗಳಿಗಿಂತ ಸರಿಯಾಗಿ ಒಂದು ಕಡಿಮೆ. ಏಕೆ ಒಂದೇ ಕಡಿಮೆ? ಇಲ್ಲಿ ಉಪನ್ಯಾಸಕರು ಬಾಯಿ ಮುಚ್ಚಿಕೊಂಡಿರಬೇಕು. ತುದಿಯ ನಿಲ್ದಾಣವೊಂದನ್ನು ಕಿತ್ತುಹಾಕಿದರೆ ಅದರೊಡನೆ ಒಂದು ಅಂಚೂ ಹೋಗುತ್ತದೆ, ಉಳಿದುದೂ ವೃಕ್ಷವೇ ಎಂದು ಯಾವಳೋ ಒಬ್ಬಳು ವಿದ್ಯಾರ್ಥಿನಿ ಹೇಳಿದಳೆಂದರೆ, ಅನುಗಮನವು ಹೆಸರು ಹೇಳಿಸಿಕೊಳ್ಳದೆಯೇ ಕೊಠಡಿಯನ್ನು ಪ್ರವೇಶಿಸಿದಂತಾಯಿತು. ಯಾವ ಹಳಿಯನ್ನೂ ಎರಡು ಬಾರಿ ತುಳಿಯದೆ ಎರಡು ಮಾರ್ಗಗಳನ್ನೂ ಪೂರ್ತಿಯಾಗಿ ಸುತ್ತಬಹುದೇ ಎಂದು ಮುಂದೆ ಕೇಳಬಹುದು. ಮಾದಾವರ, ರೇಷ್ಮೆ ಸಂಸ್ಥೆ, ಚಲ್ಲಘಟ್ಟ, ವೈಟ್‌ಫೀಲ್ಡ್ ಎಂಬ ನಾಲ್ಕು ತುದಿಗಳಲ್ಲಿಯೂ ಅಂಚು ಒಂದೊಂದೇ. ಬೆಸ ಸಂಖ್ಯೆಯ ಅಂಚುಗಳಿರುವ ಶೃಂಗಗಳು ಎರಡಕ್ಕಿಂತ ಹೆಚ್ಚಿದ್ದರೆ ಅಂಥ ಸಂಚಾರ ಅಸಾಧ್ಯವೆಂಬುದನ್ನು ಆಯ್ಲರ್ 1736ರಲ್ಲಿಯೇ ಕೋನಿಗ್ಸ್‌ಬರ್ಗಿನ ಸೇತುವೆಗಳ ನೆವದಿಂದ ತಿಳಿಸಿದ್ದಾನೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ ಮೂರನೆಯ ಹಂತದ ಹೊರವರ್ತುಲ ಮಾರ್ಗವು ಮೈಸೂರು ರಸ್ತೆಯಲ್ಲಿಯೂ ಪೀಣ್ಯದಲ್ಲಿಯೂ ಹಳೆಯ ಮಾರ್ಗಗಳನ್ನು ಸಂಧಿಸಿದಾಗ ಇಲ್ಲೊಂದು ಚಕ್ರವುಂಟಾಗಿ ವೃಕ್ಷವು ವೃಕ್ಷವಾಗಿ ಉಳಿಯುವುದಿಲ್ಲ. ರಾಜಾಜಿನಗರದವರಿಗೆ ಎರಡನೆಯ ದಾರಿ ದೊರೆಯುವುದು ಆಗ.

ಕನ್ನಡ ಶಾಲೆಯಲ್ಲಿ ಓದಿದವರ ಬಳಿ ಇನ್ನೊಂದು ಆಸ್ತಿಯಿದೆ. ಅದನ್ನು ಯಾರೂ ಕೇಳುವುದಿಲ್ಲ. ಪ್ರೌಢಶಾಲೆಯ ಛಂದಸ್ಸಿನ ಪಾಠದಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ನಾಲ್ಕು ಮಾತ್ರೆಯ ಗಣಗಳು ಐದೇ ಬಗೆಯವೆಂಬುದು ಗೊತ್ತು. ಐದೇ ಏಕೆ? ಗಣವು ಲಘುವಿನಿಂದ ಮುಗಿದರೆ ಹಿಂದೆ ಉಳಿಯುವುದು ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಗುರುವಿನಿಂದ ಮುಗಿದರೆ ಉಳಿಯುವುದು ಎರಡು, ಅದಕ್ಕೆ ಎರಡು ಬಗೆ. ಹೀಗೆಯೇ ಐದು ಮಾತ್ರೆಗೆ ಎಂಟು. ವಿಶ್ವವಿದ್ಯಾಲಯದ ಪಠ್ಯವು ಪುನರಾವರ್ತನ ಸಂಬಂಧವೆಂದು ಬೆದರಿಸುವುದು ಇದನ್ನೇ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯೂ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಸಂಯೋಜನೆಗಳನ್ನೆಣಿಸುವ ಸಾಮಾನ್ಯ ನಿಯಮವನ್ನು ಕೊಟ್ಟ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಹುಟ್ಟಿದ ನಾಡಿನಲ್ಲಿ ಈ ಭಾಗವು ಪರಕೀಯವೆನಿಸಬೇಕಾಗಿಲ್ಲ. (ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂಬ ವಾದಕ್ಕೆ ನಾನು ಹೊರಟಿಲ್ಲ, ಆ ವಾದದಿಂದ ಯಾರ ಇಂಟರ್ನಲ್ಸೂ ಸುಧಾರಿಸಿದುದನ್ನು ಕಾಣೆ.)

ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿಯೇ ಗೆಳೆಯನೊಡನೆ ವಾದಿಸಿ, ಕೊನೆಗೆ ಇಂಗ್ಲಿಷಿನಲ್ಲಿ ಬರೆಯಲು ಕಾರ್ಯಾಗಾರವು ಅವಕಾಶ ಕೊಡಬೇಕು. ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2021ರಲ್ಲಿ ಅನುಮತಿಸಿದುದು ದೊಡ್ಡ ಚರ್ಚೆ. ಸಂಜೆಯ ಕೊಠಡಿಯಲ್ಲಿ ಕನ್ನಡವಾಡಲಾದರೋ ಯಾವ ಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಕೂಡಿ ವಾದಿಸುವುದರ ಬೆಲೆಯನ್ನು ಬಲ್ಲವರಲ್ಲಿ ಯೂರಿ ಟ್ರೈಸ್‌ಮನ್ ಪ್ರಮುಖರು. 1970ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಕಲನಶಾಸ್ತ್ರದಲ್ಲಿ ಹಿಂದೆ ಬೀಳುವುದೇಕೆಂದು ಅವರು ಅರಸಿದಾಗ, ಆ ವಿದ್ಯಾರ್ಥಿಗಳಲ್ಲಿ ಶ್ರದ್ಧೆಗೆ ಕೊರತೆಯಿಲ್ಲವೆಂದೂ, ಚೀನೀ ಮೂಲದವರು ಒಟ್ಟಿಗೆ ಕುಳಿತು ಚರ್ಚಿಸುತ್ತಿದ್ದಾಗ ಇವರು ಒಬ್ಬೊಬ್ಬರೇ ಓದುತ್ತಿದ್ದರೆಂದೂ ಕಂಡುಬಂತು. ಅವರು ಪ್ರಾರಂಭಿಸಿದ ಕಾರ್ಯಾಗಾರದಲ್ಲಿ ಹಳೆಯ ಪಾಠದ ಪುನರುಕ್ತಿಗೆ ಬದಲಾಗಿ ಕಠಿಣತರವಾದ ಸಮಸ್ಯೆಗಳನ್ನು ಕೊಡಲಾಯಿತು, ಫಲಿತಾಂಶವೂ ಸುಧಾರಿಸಿತು.

ಪ್ರಾಂಶುಪಾಲರಲ್ಲಿಯೂ ವಿಭಾಗಾಧ್ಯಕ್ಷರಲ್ಲಿಯೂ ನನ್ನ ಬಿನ್ನಹವಿಷ್ಟೆ: ಕಾರ್ಯಾಗಾರವನ್ನು ಇಂಟರ್ನಲ್ಸಿನ ಅನಂತರಕ್ಕೆ ಬಿಡದೆ ಸೆಮಿಸ್ಟರಿನ ಮೊದಲ ವಾರದಲ್ಲಿಯೇ ಆರಂಭಿಸಿರಿ, ಒಳ್ಳೆಯ ಅಂಕ ಬಂದವನಿಗೂ ಬಾರದವನಿಗೂ ಅದರ ಬಾಗಿಲು ಸಮಾನವಾಗಿ ತೆರೆದಿರಲಿ, ಹಿಂದಿನ ವರ್ಷ ತೇರ್ಗಡೆಯಾದ ಹಿರಿಯ ವಿದ್ಯಾರ್ಥಿಗಳನ್ನು ಅಲ್ಪ ಸಂಭಾವನೆಯಿತ್ತು ಅಲ್ಲಿ ಕೂರಿಸಿರಿ, ದೂರದ ಬಸ್ಸು ಹಿಡಿಯಬೇಕಾದವರಿಗಾಗಿ ಅದನ್ನು ಸಂಜೆಯಿಂದ ವೇಳಾಪಟ್ಟಿಯೊಳಕ್ಕೆ ತನ್ನಿರಿ. ಪಟ್ಟಿಯನ್ನು ಮಾತ್ರ ಫಲಕದ ಮೇಲೆ ಹಾಕಬೇಡಿರಿ.