ಚಪ್ಪಲಿಯಡಿ ಹೊಸಕಿದರೆ ಮುಗಿಯಿತೇ?

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ನಿಂತ ಹೊತ್ತಿಗೆ ಯಾವುದಾದರೂ ಟೀ ಅಂಗಡಿಯ ಮುಂದೆ ನಿಂತು ನೋಡಿ. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಸಿಗರೇಟು. ಕೊನೆಯ ದಮ್ಮು ಎಳೆದಾದ ಮೇಲೆ ಬೆರಳಿನಿಂದ ಚಿಮ್ಮಿದ ತುಂಡು ನೆಟ್ಟಗೆ ಚರಂಡಿ ಚಪ್ಪಡಿಯ ಸಂದಿಗೆ. ಗುರಿ ತಪ್ಪಿತೋ, ಚಪ್ಪಲಿಯಡಿ ಹೊಸಕಿ ಒಳಕ್ಕೆ ತಳ್ಳುವುದು. ಟೀ ಕುಡಿದ ಕಾಗದದ ಲೋಟವನ್ನು ಮಾತ್ರ ಮರೆಯದೆ ಬುಟ್ಟಿಗೆ ಹಾಕುತ್ತೀರಿ. ಬುಟ್ಟಿ ಕಣ್ಣಿಗೆ ಬಿದ್ದಿದೆ ಎಂದಾಯಿತಲ್ಲ?

ನಮ್ಮ ತಾತಂದಿರೂ ಎಸೆಯುತ್ತಿದ್ದರು ಎಂಬ ಸಬೂಬು ಬೇಡ. ಅವರು ಎಸೆದದ್ದು ಬೀಡಿಯ ಮೋಟು: ಎಲೆ, ಚೂರು ಹೊಗೆಸೊಪ್ಪು, ಒಂದೆಳೆ ದಾರ. ನೀವು ಎಸೆಯುವ ಫಿಲ್ಟರ್ ಹತ್ತಿಯಂತೆ ಕಂಡರೂ ಹತ್ತಿಯಲ್ಲ, ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಎಳೆ. ರೇಷ್ಮೆ ಯಾವುದು, ನಕಲಿ ಯಾವುದು ಎಂದು ಬೆರಳಲ್ಲೇ ಹೇಳುವ ನೇಕಾರರ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ಅದು ವರ್ಷಗಟ್ಟಲೆ ಕೊಳೆಯದು. ಹೊಗೆಯಿಂದ ಹೀರಿಟ್ಟುಕೊಂಡ ನಿಕೋಟಿನ್ನನ್ನೂ ಸೀಸವನ್ನೂ ನೀರಿಗೆ ಬಿಡುತ್ತದೆ. 2011ರಲ್ಲಿ ಅಮೆರಿಕದ ಸಂಶೋಧಕರು ಸೇದಿ ಬಿಟ್ಟ ತುಂಡುಗಳನ್ನು ನೆನೆಸಿದ ನೀರಿನಲ್ಲಿ ಮೀನುಗಳನ್ನು ಬಿಟ್ಟು ನೋಡಿದರು. ಲೀಟರಿಗೆ ಸುಮಾರು ಒಂದೇ ತುಂಡು. ನಾಲ್ಕು ದಿನದಲ್ಲಿ ಅರ್ಧಕ್ಕರ್ಧ ಮೀನು ಸತ್ತವು.

ಆ ಚಪ್ಪಡಿಯ ಕೆಳಗೆ ಹರಿಯುವ ನೀರು ಎಲ್ಲಿಗೆ ಹೋಗುತ್ತದೆ? ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಜನರನ್ನು ಕೇಳಿ. ಊರಿನ ಕೊಳಚೆಯ ವಿರುದ್ಧ, ಕೈಗಾರಿಕಾ ಪ್ರದೇಶದ ತ್ಯಾಜ್ಯದ ವಿರುದ್ಧ ವರ್ಷಗಳಿಂದ ಬೀದಿಗಿಳಿದಿರುವವರು ಅವರು. ‘ಮೊದಲು ಕಾರ್ಖಾನೆಯವರನ್ನು ಕೇಳಿ’ ಎನ್ನುತ್ತೀರಿ. ಕೇಳೋಣ, ಬಿಡಬಾರದು. ನಿಮ್ಮ ತುಂಡು ಆ ಕೊಳಚೆಗೆ ಸಾಟಿಯಲ್ಲ, ಒಪ್ಪಿದೆ. ಆದರೆ ಇದನ್ನು ತಡೆಯಲು ಮಾಲಿನ್ಯ ನಿಯಂತ್ರಣ ಮಂಡಳಿ ಬರಬೇಕಿಲ್ಲ.

ಬೇಸಿಗೆಯಲ್ಲಂತೂ ಇನ್ನೊಂದು ಕಥೆ. ರಾಗಿ ಹುಲ್ಲಿನ ಬಣವೆ ಸುಟ್ಟಿತು, ನೀಲಗಿರಿ ತೋಪು ಹೊತ್ತಿತು, ಮಾಕಳಿದುರ್ಗದ ಹುಲ್ಲಿಗೆ ಬೆಂಕಿ ಬಿತ್ತು ಎಂದ ಕೂಡಲೇ ‘ಯಾರೋ ಕಿಡಿಗೇಡಿಗಳು’ ಎನ್ನುತ್ತೇವೆ. ಬೈಕಿನಲ್ಲಿ ಹೋಗುತ್ತಾ ಆರದ ತುಂಡನ್ನು ಒಣಹುಲ್ಲಿಗೆ ಚಿಮ್ಮಿದವನಿಗೂ ಆ ಹೆಸರು ಸಲ್ಲಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಕಾನೂನಿನ ಮಾತು ಎತ್ತಿದರೆ ನಗುತ್ತೀರಿ. ಸಾರ್ವಜನಿಕ ಸ್ಥಳದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ. 200 ರೂಪಾಯಿ ಇದ್ದ ದಂಡವನ್ನು ಕರ್ನಾಟಕ ತಿದ್ದುಪಡಿ ತಂದು 1,000ಕ್ಕೆ ಏರಿಸಿದೆ. ಬಿಡಿ ಸಿಗರೇಟು ಮಾರುವಂತೆಯೂ ಇಲ್ಲ. ಅಂಗಡಿಯವರೇ, ಇದು ನಿಮಗೂ ಗೊತ್ತು, ಆದರೂ ಮಾರುತ್ತೀರಿ. ಯಾರೂ ಜೇಬಿಗಿಳಿಸದಿರಲಿ ಎಂದು ಲೈಟರಿಗೆ ದಾರ ಕಟ್ಟಿ ನೇತುಹಾಕುವಷ್ಟು ಜಾಣರು ನೀವು. ಅದರ ಕೆಳಗೆ ಹಳೆಯ ಡಬ್ಬಿಯೊಂದಕ್ಕೆ ಮರಳು ತುಂಬಿ ಇಡಲು ಏನು ರೋಗ?

ಬೆಳಗಾಗುತ್ತಲೇ ಪೌರಕಾರ್ಮಿಕ ಹೆಣ್ಣುಮಗಳು ಬರುತ್ತಾಳೆ. ಪೊರಕೆಗೆ ಸಿಗದ ತುಂಡುಗಳನ್ನು ಸಂದಿಯಿಂದ ಕಡ್ಡಿಯಲ್ಲಿ ಕೆದಕಿ ತೆಗೆಯುತ್ತಾಳೆ. ಬೆಳಗಿನ ಟೀಗೆ ನಿಂತವರು ಕಾಲು ಸರಿಸಿ, ಮರ್ಯಾದೆಯಿಂದಲೇ ದಾರಿ ಬಿಡುತ್ತಾರೆ. ಆಕೆ ಪಕ್ಕದ ಅಂಗಡಿ ದಾಟುವಷ್ಟರಲ್ಲಿ ಗುಡಿಸಿದ ಜಾಗಕ್ಕೆ ಮೊದಲ ತುಂಡು ಬಿದ್ದಿರುತ್ತದೆ.