ಒಂದು ದಿನ ರಜೆ ಹಾಕಿದ್ದಕ್ಕೆ ಕೆಲಸವೇ ಹೋಯಿತೇ? ಬೇಸ್‌ಬಾಲ್ ಆಟಗಾರನ 'ತಲೆನೋವಿನ ಕಥೆ'ಯ ಅಸಲಿಯತ್ತು

ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರ. ತಂಡದಲ್ಲಿ ಅವನ ಜಾಗ ಗಟ್ಟಿ. ಒಂದು ದಿನ ತಲೆನೋವು ಎಂದು ಎರಡು ಆಸ್ಪಿರಿನ್ ಮಾತ್ರೆ ಕೇಳಿದ, ಆ ದಿನ ಆಡಲಿಲ್ಲ. ಅವನ ಬದಲು ಹೊಸ ಹುಡುಗನೊಬ್ಬ ಇಳಿದ. ಆ ಹುಡುಗ ಮುಂದಿನ 14 ವರ್ಷ ಒಂದೇ ಒಂದು ಪಂದ್ಯ ತಪ್ಪಿಸಲಿಲ್ಲ, ತಲೆನೋವಿನವನಿಗೆ ಮತ್ತೆ ಜಾಗ ಸಿಗಲಿಲ್ಲ. ಆದ್ದರಿಂದ ಸಣ್ಣಪುಟ್ಟ ನೆಪಕ್ಕೆ ರಜೆ ಹಾಕಬೇಡಿ.

ಈ ಕಥೆ ಬೇರೆ ಬೇರೆ ರೂಪದಲ್ಲಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಕೆಲವೊಮ್ಮೆ ಆಟಗಾರರ ಹೆಸರೂ ಇರುತ್ತದೆ: ವಾಲಿ ಪಿಪ್ ಮತ್ತು ಲೂ ಗೆಹ್ರಿಗ್. ಇಬ್ಬರೂ ನಿಜವಾಗಿ ಇದ್ದವರು, ಇಬ್ಬರೂ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ 'ಫಸ್ಟ್ ಬೇಸ್' ಕಾಯುತ್ತಿದ್ದವರು. ಆದರೆ ಅವರ ಬಗ್ಗೆ ಹೇಳುವ ಕಥೆಯಲ್ಲಿ ಮುಖ್ಯವಾದ ಭಾಗವೇ ದಾಖಲೆಗಳಿಗೆ ಹೊಂದುವುದಿಲ್ಲ. ಮೈಯಲ್ಲಿ ಜ್ವರ ಇಟ್ಟುಕೊಂಡು ಕೆಲಸಕ್ಕೆ ಹೊರಡುವವರೂ ಇದನ್ನು ಓದುತ್ತಾರೆ, ಹಾಗಾಗಿ ಸ್ವಲ್ಪ ಕೂಲಂಕಷವಾಗಿ ನೋಡೋಣ ಎನಿಸಿತು.

ಫಸ್ಟ್ ಬೇಸ್ ಅಂದರೇನು ಎಂಬುದನ್ನು ಕ್ರಿಕೆಟ್ ಭಾಷೆಯಲ್ಲೇ ಹೇಳಿಬಿಡಬಹುದು. ಬ್ಯಾಟರ್ ಚೆಂಡು ಹೊಡೆದು ಮೊದಲ ಗುರುತಿನತ್ತ ಓಡುತ್ತಾನೆ. ಫೀಲ್ಡರ್ ಎಸೆದ ಚೆಂಡು ಅವನಿಗಿಂತ ಮೊದಲು ಅಲ್ಲಿಗೆ ತಲುಪಿದರೆ ಅವನು ಔಟ್. ಆ ಎಸೆತ ಹಿಡಿಯಲು ಒಂದು ಕಾಲು ಗುರುತಿನ ಮೇಲಿಟ್ಟು ನಿಲ್ಲುವವನೇ ಫಸ್ಟ್ ಬೇಸ್‌ಮನ್. ರನೌಟ್ ಮಾಡಲು ಸ್ಟಂಪಿನ ಪಕ್ಕ ನಿಂತ ಕೀಪರ್ ಮತ್ತು ಸ್ಲಿಪ್‌ನಲ್ಲಿ ಕೈಚಾಚಿ ನಿಂತ ಫೀಲ್ಡರ್, ಇವರಿಬ್ಬರ ಕೆಲಸ ಸೇರಿಸಿದ ಹಾಗೆ.

1925ರ ಜೂನ್‌ನಲ್ಲಿ ಏನಾಯಿತು?

ವಾಲಿ ಪಿಪ್ ಸಾಮಾನ್ಯ ಆಟಗಾರನಲ್ಲ. 1915ರಿಂದ ಯಾಂಕೀಸ್‌ನಲ್ಲಿದ್ದವನು. 1916 ಮತ್ತು 1917ರಲ್ಲಿ ಅಮೆರಿಕನ್ ಲೀಗ್‌ನಲ್ಲೇ ಅತಿ ಹೆಚ್ಚು ಹೋಮ್‌ರನ್ ಹೊಡೆದವನು. 1923ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಾಗಲೂ ಫಸ್ಟ್ ಬೇಸ್ ಅವನದೇ.

ಆದರೆ 1925ರಲ್ಲಿ ತಂಡದ ಗತಿ ಕೆಟ್ಟಿತ್ತು. ಆ ವರ್ಷ ಯಾಂಕೀಸ್ ಎಂಟು ತಂಡಗಳ ಲೀಗ್‌ನಲ್ಲಿ ಏಳನೆಯದಾಗಿ ಮುಗಿಸಿತು. ಪಿಪ್‌ನ ಬ್ಯಾಟೂ ಮಲಗಿತ್ತು. ಜೂನ್ 2ರಂದು ಮ್ಯಾನೇಜರ್ ಮಿಲರ್ ಹಗ್ಗಿನ್ಸ್ ಬದಲಿಸಿದ್ದು ಪಿಪ್‌ನನ್ನು ಮಾತ್ರವಲ್ಲ, ಅದೇ ದಿನ ಇನ್ನೂ ಕೆಲವು ಹಳಬರನ್ನು ಕೂರಿಸಿ ಹೊಸಬರನ್ನು ಇಳಿಸಿದರು. ಸೋಲುತ್ತಿರುವ ತಂಡದ ಯಾವ ಮ್ಯಾನೇಜರ್ ಆದರೂ ಮಾಡುವ ಕೆಲಸ ಇದು. ಒಬ್ಬನಿಗೆ ತಲೆನೋವು ಬಂದರೆ ಉಳಿದವರನ್ನೂ ಬದಲಿಸುವುದೇಕೆ? ಫಾರ್ವರ್ಡ್ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ತಲೆಯ ವಿಷಯ ಎಲ್ಲಿಂದ ಬಂತು? ಸರಿಯಾಗಿ ಒಂದು ತಿಂಗಳ ನಂತರ, ಜುಲೈ 2ರಂದು, ಬ್ಯಾಟಿಂಗ್ ಅಭ್ಯಾಸದ ವೇಳೆ ಚೆಂಡೊಂದು ಪಿಪ್‌ನ ತಲೆಗೆ ಬಡಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಅವನು ಆಸ್ಪತ್ರೆ ಸೇರಿದ. ಅಷ್ಟರಲ್ಲಿ ಗೆಹ್ರಿಗ್ ಒಂದು ತಿಂಗಳಿಂದ ಆ ಜಾಗದಲ್ಲಿ ಆಡುತ್ತಿದ್ದ. ಮುಂದೆ ಜನರ ನೆನಪಿನಲ್ಲಿ ಎರಡೂ ಘಟನೆ ಒಂದಕ್ಕೊಂದು ಅಂಟಿಕೊಂಡವು, ತಲೆಗೆ ಬಿದ್ದ ಏಟು ತಲೆನೋವಾಯಿತು. ಪಿಪ್ ಕೂಡ ವಯಸ್ಸಾದ ಮೇಲೆ ಆಸ್ಪಿರಿನ್ ಕಥೆಯನ್ನು ನಗುತ್ತಾ ಹೇಳಿಕೊಳ್ಳುತ್ತಿದ್ದ. ತಾನೇ ಹೇಳಿದ ಮೇಲೆ ಯಾರು ಬೇಡ ಅನ್ನುತ್ತಾರೆ! ಅಂದಹಾಗೆ ಅವನ ವೃತ್ತಿಜೀವನ ಅಲ್ಲಿಗೆ ಮುಗಿಯಲೂ ಇಲ್ಲ. ಸಿನ್ಸಿನಾಟಿ ತಂಡಕ್ಕೆ ಹೋಗಿ 1928ರವರೆಗೆ ಇನ್ನೂ ಮೂರು ಹಂಗಾಮು ಆಡಿದ.

ಹಾಜರಿ ಹಾಕಿ ಹೊರಟ ದಿನ

ಇನ್ನು ಗೆಹ್ರಿಗ್. 1925ರ ಜೂನ್ 1ರಿಂದ 1939ರ ಏಪ್ರಿಲ್ 30ರವರೆಗೆ ಸತತ 2,130 ಪಂದ್ಯ. ಈ ಲೆಕ್ಕ ನಿಜ. 1995ರಲ್ಲಿ ಕ್ಯಾಲ್ ರಿಪ್‌ಕೆನ್ ಮುರಿಯುವವರೆಗೂ ಇದೇ ದಾಖಲೆ. ಆದರೆ ದಾಖಲೆಯ ಒಳಗೆ ಇಣುಕಿದರೆ ಒಂದು ಸ್ವಾರಸ್ಯ ಇದೆ. 1934ರ ಜುಲೈನಲ್ಲಿ ಗೆಹ್ರಿಗ್‌ಗೆ ಸೊಂಟ ಹಿಡಿದು ನಿಲ್ಲಲಾಗದ ಸ್ಥಿತಿ. ಜುಲೈ 14ರಂದು ಡೆಟ್ರಾಯ್ಟ್‌ನಲ್ಲಿ ಅವನ ಹೆಸರನ್ನು ಬ್ಯಾಟಿಂಗ್ ಪಟ್ಟಿಯಲ್ಲಿ ಮೊದಲಿಗೆ ಬರೆದರು, ಅದೂ ಅವನದಲ್ಲದ 'ಶಾರ್ಟ್‌ಸ್ಟಾಪ್' ಸ್ಥಾನದ ಮುಂದೆ. ಒಂದು ಸಲ ಬ್ಯಾಟ್ ಬೀಸಿ ಮೊದಲ ಗುರುತು ತಲುಪಿದ, ಬದಲಿ ಓಟಗಾರನನ್ನು ಬಿಟ್ಟು ಹೊರಗೆ ಬಂದ. ಪಂದ್ಯ ಲೆಕ್ಕಕ್ಕೆ ಸೇರಿತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಮನೆಗೆ ಹೋಗುವುದು ಅಂದರೆ ಇದೇ. ಒಂದು ದಿನವೂ ತಪ್ಪಿಸದವನ ಕಥೆಯಲ್ಲೂ ಹೀಗೊಂದು ಅರ್ಧ ರಜೆ ಅಡಗಿದೆ.

1939ರ ಮೇ 2ರಂದು ಅವನು ತಾನಾಗಿಯೇ ಹಿಂದೆ ಸರಿದ. ಓಡಲು ಆಗುತ್ತಿರಲಿಲ್ಲ, ಸುಲಭದ ಚೆಂಡೂ ಕೈ ತಪ್ಪುತ್ತಿತ್ತು. ಜೂನ್‌ನಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಎಎಲ್‌ಎಸ್ ಎಂದು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ ಅದು. ಅಮೆರಿಕದಲ್ಲಿ ಇಂದಿಗೂ ಅದನ್ನು ಗೆಹ್ರಿಗ್‌ನ ಹೆಸರಿನಿಂದಲೇ ಕರೆಯುತ್ತಾರೆ. 1941ರ ಜೂನ್ 2ರಂದು, 37ನೇ ವಯಸ್ಸಿನಲ್ಲಿ ತೀರಿಕೊಂಡ. ಇಲ್ಲಿ ಎದುರು ದಿಕ್ಕಿನ ತಪ್ಪು ಮಾಡುವುದೂ ಬೇಡ: ರಜೆ ಹಾಕದೆ ದುಡಿದದ್ದಕ್ಕೇ ಆ ಕಾಯಿಲೆ ಬಂತು ಎನ್ನಲು ಆಧಾರವಿಲ್ಲ. ಹೆಚ್ಚಿನ ರೋಗಿಗಳಲ್ಲಿ ಎಎಲ್‌ಎಸ್‌ಗೆ ಇಂಥದ್ದೇ ಕಾರಣ ಎಂದು ವಿಜ್ಞಾನ ಇನ್ನೂ ಬೊಟ್ಟು ಮಾಡಿಲ್ಲ.

ನಮ್ಮ ದ್ರಾವಿಡ್‌ಗೆ ಹೊಟ್ಟೆ ಕೆಟ್ಟಾಗ

ಅಮೆರಿಕದ ಕಥೆ ಯಾಕೆ, ನಮ್ಮವರದೇ ಇದೆ. ರಾಹುಲ್ ದ್ರಾವಿಡ್ 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ 95 ರನ್ ಹೊಡೆದು ಟೆಸ್ಟ್ ಜೀವನ ಆರಂಭಿಸಿದರು. ಅಲ್ಲಿಂದ ಭಾರತದ ಪರ ಸತತ 93 ಟೆಸ್ಟ್, ಒಂದೂ ತಪ್ಪಿಲ್ಲ. 2005ರ ಡಿಸೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ಶ್ರೀಲಂಕಾ ವಿರುದ್ಧದ ಟೆಸ್ಟ್‌ಗೆ ಮುನ್ನ ವಾಂತಿಭೇದಿ ಹಿಡಿಯಿತು. ಆಗ ಅವರೇ ನಾಯಕ. ಆದರೂ ಹೊರಗುಳಿದರು, ಸೆಹ್ವಾಗ್ ತಂಡ ಮುನ್ನಡೆಸಿದರು, ಭಾರತ ಗೆದ್ದಿತು. ಫಾರ್ವರ್ಡ್‌ನ ತರ್ಕದ ಪ್ರಕಾರ ದ್ರಾವಿಡ್ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ತಿಂಗಳು ಲಾಹೋರ್‌ನಲ್ಲಿ ಅದೇ ಸೆಹ್ವಾಗ್ ಜೊತೆ ಇನಿಂಗ್ಸ್ ಆರಂಭಿಸಿ 410 ರನ್ ಜೊತೆಯಾಟ ಆಡಿದರು. 2012ರಲ್ಲಿ ನಿವೃತ್ತಿಯಾದಾಗ 164 ಟೆಸ್ಟ್, 13,288 ರನ್, 210 ಕ್ಯಾಚ್.

ಪಿಪ್ ಕಥೆಗೆ ಇನ್ನೂ ಹತ್ತಿರದ್ದು 2019ರ ಆಗಸ್ಟ್‌ನದು. ಲಾರ್ಡ್ಸ್‌ನಲ್ಲಿ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್‌ಗೆ ಕುತ್ತಿಗೆಯ ಬಳಿ ಬಡಿಯಿತು. ಮರುದಿನ ತಲೆ ಭಾರ. ಹೊಸ ನಿಯಮದಂತೆ ಅವರ ಬದಲು ಲಬುಶೇನ್ ಆಡಿದರು, 59 ರನ್ ಹೊಡೆದರು, ತಂಡದಲ್ಲಿ ಬೇರೂರಿದರು. ಸ್ಮಿತ್ ಒಂದು ಟೆಸ್ಟ್ ಬಿಟ್ಟು ಮರಳಿ ಬಂದು 211 ರನ್ ಬಾರಿಸಿದರು. ಬದಲಿಗೆ ಬಂದವನೂ ಉಳಿದ, ಮಲಗಿದವನೂ ಉಳಿದ. ಈ ಕಥೆ ಮಾತ್ರ ಯಾರ ಗುಡ್ ಮಾರ್ನಿಂಗ್ ಮೆಸೇಜಿನಲ್ಲೂ ಕಾಣಿಸುವುದಿಲ್ಲ. ಸಿಬ್ಬಂದಿ ರಜೆ ಕೇಳುವುದನ್ನು ಇಷ್ಟಪಡದವರೇ ತಲೆನೋವಿನ ಕಥೆಯನ್ನು ಹೆಚ್ಚು ಹಂಚುತ್ತಾರೇನೋ ಎಂಬುದು ನಮ್ಮ ಗುಮಾನಿ.

ಕೈಗಾದ ಯಂತ್ರಕ್ಕೂ ವಿರಾಮ

ಕಾರವಾರ, ಅಂಕೋಲಾದ ಓದುಗರಿಗೆ ಸತತ ಓಟದ ದಾಖಲೆ ಹೊಸದಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಚಾಲೂ ಆಗಿ ನಿಲ್ಲದೆ 962 ದಿನ ಓಡಿತು. ಬ್ರಿಟನ್ನಿನ ಹೇಶಮ್ ಘಟಕದ 940 ದಿನಗಳ ವಿಶ್ವದಾಖಲೆಯನ್ನು 2018ರ ಡಿಸೆಂಬರ್‌ನಲ್ಲಿ ದಾಟಿತು. ಆಗ ಊರಿನವರೆಲ್ಲ ಹೆಮ್ಮೆಯಿಂದ ಸುದ್ದಿ ಹಂಚಿಕೊಂಡರು. ಆಮೇಲೆ? ಅದೇ ತಿಂಗಳ 31ರಂದು ತಪಾಸಣೆ, ದುರಸ್ತಿಗಾಗಿ ಅದನ್ನು ನಿಲ್ಲಿಸಲಾಯಿತು. ಓಡುತ್ತಿರುವಾಗಲೇ ಇಂಧನ ಬದಲಿಸಬಲ್ಲ ಯಂತ್ರ ಅದು, ಆದರೂ ಒಳಗಿನ ಭಾಗಗಳನ್ನು ಪರೀಕ್ಷಿಸಲು ನಿಲ್ಲಿಸಲೇಬೇಕು.

ಬೈತಖೋಲ, ಬೇಲೇಕೇರಿ ಬಂದರುಗಳ ಯಾಂತ್ರಿಕ ದೋಣಿಗಳೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲೇ ಇರುತ್ತವೆ. ಮೀನು ಮರಿ ಮಾಡುವ ಕಾಲ ಎಂಬುದು ನಿಷೇಧಕ್ಕೆ ಕಾರಣ, ಬಲೆ, ಎಂಜಿನ್ ರಿಪೇರಿಯೂ ಅದೇ ಹೊತ್ತಿನಲ್ಲಿ ಆಗಿಹೋಗುತ್ತದೆ.

ತಲೆನೋವು ಬರೀ ತಲೆನೋವಲ್ಲದಿದ್ದರೆ

ಫಾರ್ವರ್ಡ್‌ನಿಂದ ನಿಜವಾದ ಹಾನಿ ಇಲ್ಲಿದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ದಿಢೀರ್ ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕೆಂಗಣ್ಣು ಒಟ್ಟಿಗೆ ಬಂದರೆ ಅದು ಇಲಿ ಜ್ವರ ಇರಬಹುದು. ಗದ್ದೆಯ ನೀರಿನಲ್ಲಿ, ಚರಂಡಿಯಲ್ಲಿ ಕೆಲಸ ಮಾಡಿದವರಿಗೆ ಅಪಾಯ ಹೆಚ್ಚು. ಬೇಗ ಆಸ್ಪತ್ರೆಗೆ ಹೋದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗೇ ಬಗ್ಗುವ ಕಾಯಿಲೆ, ತಡಮಾಡಿದರೆ ಮೂತ್ರಪಿಂಡ, ಯಕೃತ್ತಿಗೆ ಇಳಿಯುತ್ತದೆ. ಒಂದು ಮಾತ್ರೆ ನುಂಗಿ ಮತ್ತೆ ನಾಟಿಗೆ ಇಳಿದವರಿಗೆ ಜ್ವರ ತಾತ್ಕಾಲಿಕವಾಗಿ ತಗ್ಗುತ್ತದೆ ಅಷ್ಟೆ, ಸೋಂಕು ಒಳಗೆ ಮುಂದುವರಿಯುತ್ತದೆ.

ಕಥೆಯ ಆಸ್ಪಿರಿನ್ ಬಗ್ಗೆಯೂ ಒಂದು ಮಾತು. ಡೆಂಗ್ಯೂ ಇರುವಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಾವ ಜ್ವರ ಎಂದು ಗೊತ್ತಾಗುವವರೆಗೆ ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರನ್ನು ಕಾಣುವವರೆಗೆ. (ಹೃದಯದ ತೊಂದರೆಗೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ, ಜ್ವರ ಬಂದರೆ ವೈದ್ಯರಿಗೆ ತಿಳಿಸಿ.) ಆಟದಲ್ಲಿ ತಲೆಗೆ ಚೆಂಡು ಬಿದ್ದ ಹುಡುಗರು ತಲೆಸುತ್ತು, ವಾಂತಿ, ಮಂಪರು ಇದ್ದರೆ ಅದೇ ದಿನ ಮತ್ತೆ ಮೈದಾನಕ್ಕೆ ಇಳಿಯಬಾರದು. ಬೀಚ್ ಟೂರ್ನಿಯ ಫೈನಲ್ ಆದರೂ ಸರಿ.

ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಇಎಸ್‌ಐ ವ್ಯಾಪ್ತಿಯ ಕಾರ್ಮಿಕರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಅದಕ್ಕೆ ಹಿಂದಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಇದ್ದರೆ ಈ ಹಕ್ಕು ನಿಮ್ಮದು. ದಿನಗೂಲಿಗೆ ಗದ್ದೆಗೆ ಇಳಿಯುವವರಿಗೆ, ದೋಣಿಯಲ್ಲಿ ಪಾಲಿನ ಲೆಕ್ಕದಲ್ಲಿ ದುಡಿಯುವವರಿಗೆ ಇಂಥ ಭತ್ಯೆ ಇಲ್ಲ. ಪಿಪ್ ಕಥೆ ಅವರಿಗೆ ಹೇಳಬೇಕಾಗಿಯೇ ಇಲ್ಲ, ಜ್ವರ ಬಂದ ದಿನದ ಕೂಲಿ ಎಷ್ಟು ಹೋಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ.